ಟೈಪಕ್ಕನ ಕೀಬೋರ್ಡು

ಕಚೇರಿ ಬೀದಿಯಲ್ಲಿ ನನ್ನ ಅಕ್ಕನನ್ನು ಎಲ್ಲರೂ ಕರೆಯುವುದು ಟೈಪಕ್ಕ ಎಂದೇ. ನನ್ನ ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಜಗಲಿಯಲ್ಲಿ ಕೂತು ಬಂದವರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಾಳೆ. ಟೈಪ್‌ರೈಟರ್ ಕೈಕೊಟ್ಟ ಮೇಲೆ ಪುಸ್ತಕದಷ್ಟಗಲದ ಹಳೆಯ ಲ್ಯಾಪ್‌ಟಾಪ್ ಒಂದು ಅಗ್ಗಕ್ಕೆ ಸಿಕ್ಕಿತು. ಅದು ಎದ್ದು ಕೂರುವಷ್ಟರಲ್ಲಿ ಗಿರಾಕಿ ಮನೆ ಸೇರಿರುತ್ತಿದ್ದ. ಅಕ್ಕ ಪಟ್ಟುಹಿಡಿದು ಕಲಿತು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಹಗುರವಾದ ಆಪರೇಟಿಂಗ್ ಸಿಸ್ಟಂ ಹಾಕಿದಳು. ಅದು ಬಿಟ್ಟಿ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬೇರೆಯವರಿಗೂ ಕೊಡಬಹುದು. ಬೆರಳಿಗೆ ಟೈಪ್‌ರೈಟರಿನ ರೂಢಿ ಇದ್ದದ್ದರಿಂದ ಕೀಬೋರ್ಡಿನ ಅಕ್ಷರಗಳನ್ನೂ ಆ ಹಳೆಯ ಕ್ರಮಕ್ಕೇ ಬದಲಿಸಿಕೊಂಡಳು. ಕೀ ಮೇಲೆ ಬರೆದಿರುವ ಅಕ್ಷರ ಒಂದು, ಪರದೆಯ ಮೇಲೆ ಮೂಡುವುದು ಇನ್ನೊಂದು. ಅವಳು ಕೀಬೋರ್ಡಿನ ಕಡೆ ನೋಡುವುದೇ ಇಲ್ಲವಲ್ಲ.

ಎದುರು ಜಗಲಿಯಲ್ಲಿ ಇದೇ ಕೆಲಸದ ಮೀಸೆಯವನೊಬ್ಬನಿದ್ದಾನೆ. ಅವನದೂ ಅಂಥದೇ ಪುಟ್ಟ ಲ್ಯಾಪ್‌ಟಾಪ್. ಹೋದ ವಾರ ಅದು ಕಣ್ಣೇ ಬಿಡಲಿಲ್ಲ. ಅವನ ಗಿರಾಕಿಗಳು ನಮ್ಮ ಕಡೆ ದಾಟಿದರು. ನಾನು ಒಳಗೊಳಗೇ ಕುಣಿದೆ. ಸಂಜೆ ನೋಡಿದರೆ, ಅಕ್ಕ ತನ್ನ ಲಿನಕ್ಸನ್ನೇ ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿ ಅವನದಕ್ಕೆ ಹಾಕಿಕೊಟ್ಟು ಬಂದಿದ್ದಳು. ನನಗೆ ಪಿತ್ತ ನೆತ್ತಿಗೇರಿತು.

“ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನಿನ್ನ ಕೈಯೇ ಬೇಕಿತ್ತಾ?” ಅಂದೆ.

“ನನಗೂ ಬಿಟ್ಟಿ ಸಿಕ್ಕಿದ್ದು ಕಣೋ. ಬಚ್ಚಿಡೋಕೆ ಅದೇನು ನಮ್ಮಪ್ಪ ಮಾಡಿದ್ದಾ?” ಅಂದವಳೇ ಊಟಕ್ಕೆ ಕೂತಳು.

ಮರುದಿನ ಬೆಳಿಗ್ಗೆ ಮೀಸೆಯವನು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಒಂದು ಒತ್ತಿದರೆ ಇನ್ನೊಂದು ಬರುತ್ತದೆ, ಗಿರಾಕಿಯ ಮುಂದೆ ಮಾನ ಹೋಯಿತು, ಬೇಕೆಂದೇ ಕೆಡಿಸಿಕೊಟ್ಟಿದ್ದೀರಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಕಾಯುತ್ತಿದ್ದವರು ಅಕ್ಕನ ಮುಖ ನೋಡತೊಡಗಿದರು. ಇಷ್ಟು ವರ್ಷ ಯಾರೂ ಬೊಟ್ಟು ಮಾಡದ ಹೆಸರು ಅವಳದು. ನಾನು ಸ್ಪಾನರ್ ಹಿಡಿದೇ ಎದ್ದೆ. ಅಕ್ಕ ಕಣ್ಣಲ್ಲೇ ಕೂರಿಸಿದಳು. ಆಮೇಲೆ ಪರದೆ ನೋಡಿ ಹಣೆ ಚಚ್ಚಿಕೊಂಡಳು. ಲಿನಕ್ಸಿನ ಜೊತೆ ಅವಳ ಟೈಪ್‌ರೈಟರ್ ಕ್ರಮವೂ ಹೋಗಿ ಕೂತಿತ್ತು. ಅದನ್ನು ಬದಲಿಸುವ ಜಾಗ ಎಲ್ಲಿದೆಯೋ ಅವಳಿಗೂ ಮರೆತುಹೋಗಿತ್ತು.

“ಹುಡುಕಿ ಸರಿಮಾಡ್ತೀನಪ್ಪ, ಸ್ವಲ್ಪ ಹೊತ್ತಾಗುತ್ತೆ.”

“ಅಲ್ಲೀತನಕ ಮೀಸೆ ತಿರುವುತ್ತಾ ಕೂರಲಾ?”

“ನಿನ್ನ ಗಿರಾಕಿಗಳು ಕಾಯ್ತಿದ್ದಾರಲ್ಲ, ನಡಿ. ನೀನು ಹೇಳು, ನಾನು ಒತ್ತುತ್ತೀನಿ.”

ರಸ್ತೆ ದಾಟಿ ಅವನ ಸ್ಟೂಲಿನ ಮೇಲೆ ಕೂತು, ಅವನ ಲ್ಯಾಪ್‌ಟಾಪಿನಲ್ಲೇ ಅವನ ಗಿರಾಕಿಗಳ ಅರ್ಜಿಗಳನ್ನೆಲ್ಲ ಮುಗಿಸಿದಳು. ಇತ್ತ ಅವಳ ಗಿರಾಕಿಗಳನ್ನು ಸಮಾಧಾನ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ನನ್ನ ಬಾಯಲ್ಲಿ ಸಮಾಧಾನ!

ಮಧ್ಯಾಹ್ನದ ಹೊತ್ತಿಗೆ ಅಂತೂ ಆ ಜಾಗ ಸಿಕ್ಕಿತು. ಕೀ ಮೇಲೆ ಬರೆದ ಅಕ್ಷರವೇ ಮೂಡುವಂತೆ ಕ್ರಮ ಬದಲಾದದ್ದೇ ತಡ, ಅಕ್ಕನ ಬೆರಳು ತಡವರಿಸಿದವು. ಕೀ ಹುಡುಕಿ ಹುಡುಕಿ ಒಂದೇ ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಮೀಸೆಯವನಿಗೆ ನಗು ತಡೆಯಲಾಗಲಿಲ್ಲ.

“ಬಿಡಕ್ಕ, ಇನ್ನು ನಾನು ನೋಡ್ಕೋತೀನಿ. ಬೇಗ ಹೋಗು, ನಿನ್ನ ತಮ್ಮ ಗಿರಾಕಿಗಳನ್ನೆಲ್ಲ ಓಡಿಸಿಬಿಟ್ಟಾನು” ಎಂದ, ಬೆಳಿಗ್ಗೆಯಷ್ಟೇ ಜೋರಾಗಿ.