ಗೋಕರ್ಣದಾಗ ಅವ್ವನ ಹೆಬ್ಬೆರಳು

ನಮ್ಮವ್ವ ಮುಟ್ಟಿ ನೋಡದ ಹೊರತು ಯಾವುದನ್ನೂ ನಂಬಾಕಿ ಅಲ್ಲ. ಹೈದರಾಬಾದಿನ ಮೆಹದಿಪಟ್ಟಣಂ ಬಜಾರದಾಗ ಅರಿವಿ ಅಂಗಡಿಯವ ಥಾನು ಬಿಚ್ಚಿ, ಪ್ಯೂರ್ ಕಾಟನ್ ಅಂತ ಆಣಿ ಮಾಡಿದ್ರೂ, ಅಕಿ ಮೂಲಿ ಹಿಡಿದು ಹೆಬ್ಬೆರಳು ತೋರಬೆರಳಿನ ನಡುವ ಒಮ್ಮೆ ತಿಕ್ಕಿ, "ಇದರಾಗ ಅರ್ಧ ಪಾಲಿಯೆಸ್ಟರ್ ಐತಿ" ಅಂತ ಹಿಂದಿಯೊಳಗ ಹೇಳಿ ಮುಂದಿನ ಅಂಗಡಿಗೆ ನಡೀತಿದ್ಲು. ಅಕಿ ಬರೂದು ಕಂಡ್ರ ಕೆಲವು ಅಂಗಡಿಯವರು ಬ್ಯಾರೆ ಗಿರಾಕಿ ಕಡೆ ಮಾರಿ ತಿರುಗಿಸ್ತಿದ್ರು. ಮನ್ಯಾಗ ಜಂಪರ ಹೊಲೀತಿದ್ಲು. ನಮ್ಮ ಕಾಲನಿಯ ಹೆಂಗಸರ ಮಾಪು ಅಕಿಗೆ ಬಾಯಿಪಾಠ, ಯಾರು ದಪ್ಪ ಆದ್ರು ಅನ್ನೋದು ಅವರಕಿಂತ ಮೊದಲ ಅಕಿಗೆ ಗೊತ್ತಾಗ್ತಿತ್ತು. ರಕ್ಷಣಾ ಇಲಾಖೆಯ ಕಾರಖಾನ್ಯಾಗ ಅಪ್ಪಗ ನೌಕರಿ ಆಗಿ ಬಾಗಲಕೋಟಿ ಕಡೆಯಿಂದ ಹೈದರಾಬಾದಿಗೆ ಬಂದಾಗ ಅಕಿ ಜೋಡಿ ಬಂದದ್ದು ಒಂದು ಹೊಲಿಗಿ ಮಷೀನು, ಒಂದು ಕತ್ತರಿ. ಅಪ್ಪ ಹೋಗಿ ಭಾಳ ವರ್ಷ ಆತು. ಕತ್ತರಿ ಇನ್ನೂ ಐತಿ.

ಆ ಕತ್ತರಿ ಬಲಗೈಯವರಿಗೆ ಮಾಡಿದ್ದು. ನಾನು ಹುಟ್ಟಾ ಎಡಚಿ. ಅವ್ವನ ಲೆಕ್ಕದಾಗ ಇದು ತಪ್ಪಿದ ಹೊಲಿಗಿ, ಬಿಚ್ಚಿ ಮತ್ತ ಹೊಲಿದ್ರ ಸರಿ ಆಗ್ತೈತಿ. ಎಡಗೈಲೆ ತುತ್ತು ಎತ್ತಿದ್ರ ಕಟ್ಟಿಗಿ ಸ್ಕೇಲಿನಿಂದ ಒಂದು ಏಟು. ಪೆನ್ಸಿಲ್ ಹಿಡಿದ್ರ ಇನ್ನೊಂದು. ಒಮ್ಮೆ ದೇವರಿಗೆ ಎಡಗೈಲೆ ಹೂವು ಏರಿಸಿದ್ದಕ್ಕ ಅಕಿ ಆ ಹೂವು ತಗದು ಹೊರಗ ಒಗದು, ದೇವರ ಕಟ್ಟಿ ಒರಸಿ, ಮತ್ತ ಪೂಜಿ ಮಾಡಿದ್ಲು. ನನಗ ಏನೂ ಅನ್ನಲಿಲ್ಲ. ಏಟಿಗಿಂತ ಅದ ಹೆಚ್ಚು ಹತ್ತಿತು. ಕಡೀಕ ನಾನು ಸರಿ ಆದ್ನಿ. ಉಣ್ಣೂದು, ಬರೆಯೂದು, ಕೈ ಮುಂದ ಮಾಡೂದು ಎಲ್ಲಾ ಬಲಗೈಲೆ. ಗಾಬರಿ ಆದಾಗ ಮಾತ್ರ ಎಡಗೈ ಮೊದಲ ಓಡಿ ಬರ್ತೈತಿ. ನಮ್ಮ ಮನ್ಯಾಗ ಬೀಳೋ ಗ್ಲಾಸು ಹಿಡಿಯಾಕಿ ನಾನ.

ಎರಡು ವರ್ಷದ ಹಿಂದ ಅವ್ವನ ಬಲಗೈ ಹೆಬ್ಬೆರಳು ಸತ್ತಿತು. ಸತ್ತಿತು ಅನ್ನೂದು ಅಕಿ ಮಾತು. ನಾರಾಯಣಗೂಡದ ಡಾಕ್ಟರು ಮಣಿಕಟ್ಟಿನ ನರ ಒತ್ತಿಕೊಂಡೈತಿ, ಕತ್ತರಿ ಹಿಡಿದೂ ಹಿಡಿದೂ ಹಿಂಗಾಗೈತಿ, ಭಾಳ ತಡಾ ಮಾಡಿ ಬಂದೀರಿ, ಆಪರೇಶನ್ ಮಾಡಿದ್ರ ನೋವು ಹೋಗಬಹುದು, ಸ್ಪರ್ಶ ತಿರುಗಿ ಬರೂದು ಕಷ್ಟ ಅಂತ ತೆಲುಗಿನ್ಯಾಗ ತಿಳಿಸಿ ಹೇಳಿದ್ರು. ಎಡಗೈ ಪೂರಾ ಚಲೋ ಐತಿ ಅಂತ ಸಮಾಧಾನಾನೂ ಮಾಡಿದ್ರು.

"ಅದನ್ನ ತಗೊಂಡು ನಾ ಏನ ಮಾಡ್ಲಿ" ಅಂದ್ಲು ಅವ್ವ. ಅದನ್ನ ನಾನು ಡಾಕ್ಟರಿಗೆ ತೆಲುಗಿನ್ಯಾಗ ಹೇಳಲಿಲ್ಲ.

ಮನಿಗೆ ಬಂದ ಮ್ಯಾಲೆ ಗೋಕರ್ಣದ ಮಾತು ತಗದ್ಲು. ಗೋಕರ್ಣದಾಗ ಆತ್ಮಲಿಂಗ ಕಣ್ಣಿಗೆ ಕಾಣಂಗಿಲ್ಲ. ಪೀಠದ ನಡುವ ಒಂದು ತೂತು ಐತಿ, ಅದರಾಗ ಹೆಬ್ಬೆರಳು ಇಳಿಸಿ ಮುಟ್ಟಬೇಕು, ಬೆರಳಿಗೆ ಲಿಂಗದ ತುದಿ ಹತ್ತತೈತಿ, ಅದ ದರ್ಶನ. ಇದನ್ನ ಅಕಿ ಸಣ್ಣಾಕಿ ಇದ್ದಾಗಿಂದ ಕೇಳಿಕೋತ ಬಂದಾಳ. "ಕಣ್ಣಿಗೆ ಕಾಣೋ ದೇವರನ್ನ ಎಲ್ಲಾರೂ ನೋಡ್ತಾರ. ನನಗ ಆ ದೇವರು ಬೇಕು. ಬೆರಳು ಪೂರಾ ಹೋಗೂದರೊಳಗ ಒಮ್ಮೆ ಮುಟ್ಟಿ ಬರ್ತೀನಿ" ಅಂದ್ಲು.

ಪೂರಾ ಹೋಗಿಲ್ಲ ಅನ್ನೂದು ಅಕಿ ಹಟ. ನಾನು ಒಂದು ಪರೀಕ್ಷಾ ಮಾಡಿದ್ನಿ. ಕಣ್ಣು ಮುಚ್ಚು ಅಂತ ಹೇಳಿ ಹೆಬ್ಬೆರಳಿನ ಕೆಳಗ ಏಲಕ್ಕಿ ಇಟ್ನಿ. ಮೆಣಸು ಅಂದ್ಲು. ಹುಣಸಿ ಬೀಜ ಇಟ್ನಿ. ಕಡ್ಲಿ ಅಂದ್ಲು. ಮೂರನೇ ಸರ್ತಿ ಏನೂ ಇಡಲಿಲ್ಲ. ಅಕಿ ಭಾಳ ಹೊತ್ತು ಬೆರಳು ಆಡಿಸಿ, ಸಾಸಿವಿ ಅಂದ್ಲು. ನಾನು ಹೌದು ಅಂದ್ನಿ. ಆಮ್ಯಾಲೆ ಏಲಕ್ಕಿ, ಹುಣಸಿ ಬೀಜ ಎತ್ತಿ ಅಡಗಿ ಮನ್ಯಾಗ ಡಬ್ಬಿಗೆ ಹಾಕಿದ್ನಿ.

"ಎಡಗೈಲೆ ಮುಟ್ಟಿದ್ರ ಆಗ್ತೈತಲ್ಲ" ಅಂತ ತಡಕೊಳ್ಳಲಾರದ ಕೇಳಿಬಿಟ್ನಿ.

"ದೇವರನ್ನ ಎಡಗೈಲೆ ಮುಟ್ಟೂದು? ನಿನ್ನ ಬುದ್ಧಿ ನಿನಗ ಇರ್ಲಿ" ಅಂದ್ಲು.

ಕಾರಿನ್ಯಾಗ ಹೊಂಟದ್ದು ಮೂರು ಮಂದಿ. ಅವ್ವ, ನಾನು, ನನ್ನ ಗಂಡ. ನನ್ನ ಗಂಡ ಗಚ್ಚಿಬೌಲಿಯ ಒಂದು ಆಫೀಸಿನ ಕಟ್ಟಡ ನೋಡಿಕೊಳ್ಳೋ ಕೆಲಸ ಮಾಡ್ತಾನ, ಲಿಫ್ಟು ಕೆಟ್ರ ಅವಂಗ ಫೋನು. ಪ್ರವಾಸ ಅಂದ್ರ ದಾರ್ಯಾಗ ಸಿಕ್ಕ ಎಲ್ಲಾದನ್ನೂ ನೋಡಿ ಮುಗಿಸಬೇಕು ಅನ್ನೋ ಜಾತಿ. ಅವ್ವಗ ಗೋಕರ್ಣ ಒಂದ ಬೇಕು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಕಾರು ನಡಸಾಂವ ಅವ ಆದದ್ದಕ್ಕ ಹುಬ್ಬಳ್ಳ್ಯಾಗ ಉಳಕೊಂಡು, ಘಟ್ಟ ಇಳಿದು, ಗೋಕರ್ಣದ ಫಲಕ ದಾಟಿ ನಾವು ಮೊದಲ ಮುರುಡೇಶ್ವರಕ್ಕ ಹೋದ್ವಿ. ಫಲಕ ದಾಟಿದಾಗ ಅವ್ವ ಹಿಂದ ಹೊಳ್ಳಿ ನೋಡಿದ್ಲು.

ಮುರುಡೇಶ್ವರದಾಗ ಶಿವ ಸಮುದ್ರಕ್ಕ ಬೆನ್ನ ಮಾಡಿ ಕುಂತಾನ. ಭಾಳ ದೊಡ್ಡಾಂವ. ಅವ್ವ ತಲಿ ಎತ್ತಿ ನೋಡಿ, "ಇವನ್ನ ನೋಡಾಕ ಇಲ್ಲೀತನ ಬರಬೇಕಿರಲಿಲ್ಲ, ಊರಾಗ ನಿಂತ್ರೂ ಕಾಣ್ತಾನ" ಅಂದ್ಲು. ನನ್ನ ಗಂಡ ಗೋಪುರದ ಲಿಫ್ಟಿಗೆ ಟಿಕೇಟು ತಗಸಿದ. ಲಿಫ್ಟಿನ ಒಳಗ ನಿಂತು ಬಟನು, ಬಾಗಿಲಾ, ತಳಾ ಎಲ್ಲಾ ತಪಾಸು ಮಾಡಿದ. ಚಲೋ ಇಟ್ಟಾರ ಅಂದ. ಮ್ಯಾಲೆ ಹೋಗಿ ಕಿಡಕ್ಯಾಗ ನಿಂತು, ಹೆಂಗೈತಿ ನೋಡ್ರಿ ಅತ್ತಿ ಅಂತ ಸಮುದ್ರ ತೋರಿಸಿದ. ಅವ್ವ ನೋಡಿದ್ಲು. "ನೀರು" ಅಂದ್ಲು. ಆಮ್ಯಾಲೆ ಅಳಿಯಗ ಬ್ಯಾಸರ ಆದೀತು ಅಂತ, "ಭಾಳ ಐತಿ" ಅಂತ ಸೇರಿಸಿದ್ಲು.

ಇಡಗುಂಜಿಯಾಗ ಗಣಪತಿಗೆ ಗರಿಕಿ ಏರಿಸಿದ್ವಿ. ನನ್ನ ಗಂಡ ಪಂಚಕಜ್ಜಾಯ ತಿಂದು, ಮತ್ತ ಸಾಲಿನ್ಯಾಗ ನಿಂತು, ಮತ್ತ ತಿಂದ. ಅವ್ವ ಗರಿಕಿಯ ಎಸಳು ಬಲಗೈ ಬೆರಳಿನ ನಡುವ ಹಿಡಿದು ತಿಕ್ಕಾಕತ್ತಿದ್ಲು, ಬಜಾರದಾಗ ಅರಿವಿ ತಿಕ್ಕಿದಂಗ. ನಾನು ನೋಡಿದ್ದು ಕಂಡು ಕೆಳಗ ಹಾಕಿದ್ಲು.

ಮರುದಿನ ಮುಂಜಾನೆ ಗೋಕರ್ಣ. ಮೊದಲ ಸಮುದ್ರ ಸ್ನಾನ, ಆಮ್ಯಾಲೆ ಗಣಪತಿ, ಆಮ್ಯಾಲೆ ಮಹಾಬಲೇಶ್ವರ, ಹಿಂಗ ಪದ್ಧತಿ. ಅವ್ವ ಉಟ್ಟ ಸೀರಿಯೊಳಗ ತೆರಿಯಾಗ ಕುಂತ್ಲು. ಒಂದು ತೆರಿ ಅಕಿನ್ನ ಉರುಳಿಸಿತು. ಹಿಡಿಯಾಕ ನನ್ನ ಎಡಗೈ ಓಡಿತು, ಅಕಿ ಅದನ್ನ ಗಟ್ಟಿಯಾಗಿ ಹಿಡಕೊಂಡು ಎದ್ಲು. ಎದ್ದ ಮ್ಯಾಲೆ ಬಿಟ್ಲು.

ಓಣ್ಯಾಗ ಒಂದು ಅಂಗಡ್ಯಾಗ ಹೂವಿನ ಬುಟ್ಟಿ ತಗೊಂಡ್ಲು. ಹೊಸ್ತಿಲ ದಾಟಿದ್ರ ಹಿಂದಿ ಇಲ್ಲಾ ತೆಲುಗು, ಅದು ನಮ್ಮ ಹೈದರಾಬಾದಿನ ರೂಢಿ. ಅಕಿ ಹಿಂದಿಯೊಳಗ ಚೌಕಾಶಿ ಶುರು ಮಾಡಿದ್ಲು. ಅಂಗಡಿಯ ಹೆಣ್ಣುಮಗಳು ಕನ್ನಡದಾಗ ಉತ್ತರ ಕೊಟ್ಲು. ಅಕಿ ಮತ್ತ ಹಿಂದಿ, ಇಕಿ ಮತ್ತ ಕನ್ನಡ. ವ್ಯಾಪಾರ ಮುಗಿದ ಮ್ಯಾಲೆ ಆ ಹೆಣ್ಣುಮಗಳು, "ನಿಮಗೆ ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ ಅಲ್ವಾ" ಅಂದ್ಲು. ಅವ್ವ "ಥೋಡಾ ಥೋಡಾ" ಅಂತ, ಎಲ್ಲೋ ಸ್ವಲ್ಪ ಅನ್ನೂವಂಗ, ಹಿಂದಿಯೊಳಗ ಅಂದು ಹೊಂಟ್ಲು. ಅರ್ಧ ಓಣಿ ನಡದ ಮ್ಯಾಲೆ ತಾನ ನಿಂತು, "ನಾ ಯಾಕ ಹಂಗಂದೆ" ಅಂತ ನನ್ನ ಕೇಳಿದ್ಲು.

ಗಣಪತಿ ಗುಡಿಯೊಳಗ ಅವನ ತಲಿ ಮ್ಯಾಲಿನ ತಗ್ಗು ತೋರಿಸ್ತಾರ, ರಾವಣ ಗುದ್ದಿದ್ದು. ರಾವಣ ಆತ್ಮಲಿಂಗ ತಗೊಂಡು ಹೊಂಟಾಗ ಸಂಧ್ಯಾವಂದನಿಯ ಹೊತ್ತಾತು, ದನ ಕಾಯೋ ಹುಡುಗನ ವೇಷದಾಗ ನಿಂತಿದ್ದ ಗಣಪತಿ ಕೈಯಾಗ ಲಿಂಗ ಕೊಟ್ಟ, ಅವ ನೆಲಕ್ಕ ಇಟ್ಟುಬಿಟ್ಟ. ರಾವಣ ಎಷ್ಟು ಜಗ್ಗಿದ್ರೂ ಬರಲಿಲ್ಲ, ಲಿಂಗ ತಿರುಚಿ ಆಕಳ ಕಿವಿ ಆಕಾರ ಆತು, ತುದಿ ಅಷ್ಟ ಮ್ಯಾಲೆ ಉಳೀತು. ಅವ್ವಗ ಈ ಕತಿಯೊಳಗ ರಾವಣನ ಮ್ಯಾಲೆ ಕನಿಕರ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು ಅವಂಗ. ಎರಡೂ ಕೈ ಹಚ್ಚಿ ಜಗ್ಗಿರ್ತಾನ ಪಾಪ" ಅಂದ್ಲು.

ಮಹಾಬಲೇಶ್ವರದಾಗ ಗಂಡಸರು ಅಂಗಿ ತಗದು ಪಂಚೆ ಉಟ್ಟು ಒಳಗ ಹೋಗಬೇಕು. ನನ್ನ ಗಂಡ ಅಂಗಿ ತಗದು ಹೊಟ್ಟಿ ಒಳಗ ಎಳಕೊಂಡು ನಿಂತ. ಸಾಲು ಉದ್ದ ಇತ್ತು. ಬಾಗಿಲ ಮುಟ್ಟೂದರೊಳಗ ಅವಂಗ ಉಸಿರು ಹಿಡಿಯೂದು ಸಾಕಾಗಿ ಹೊಟ್ಟಿ ತನ್ನ ಜಾಗಾಕ್ಕ ಬಂದಿತ್ತು. ಅವ್ವ ಎಡಗೈಲೆ ಬಲಗೈ ಹೆಬ್ಬೆರಳು ಹಿಡಿದು ಒತ್ತಾಕತ್ತಿದ್ಲು, ಚಳಿಗಾಲದಾಗ ರೊಟ್ಟಿ ಹಿಟ್ಟು ನಾದಿದಂಗ. "ಬಿಸಿ ಆದ್ರ ಎಚ್ಚರ ಆಗ್ತೈತಿ" ಅಂದ್ಲು. ಅಕಿ ತುಟಿ ಒಣಗಿದ್ದವು. ನನಗ ಆಗ ಹೆದರಿಕಿ ಹತ್ತಿತು. ಇಷ್ಟು ದೂರ ಬಂದು ಏನೂ ಹತ್ತಲಿಲ್ಲ ಅಂದ್ರ ಅಕಿಗೆ ನಾ ಏನು ಹೇಳ್ಲಿ. ಇಲ್ಲೂ ಸಾಸಿವಿ ಅಂದ್ರ ನಾ ಹೌದು ಅನ್ನಬೇಕೇನು.

ಸಾಲಿನ್ಯಾಗ ನನ್ನ ಗಂಡ ಮುಂದಿನವರ ಜೋಡಿ ಹಿಂದಿ ಹೊಡದಿದ್ದು ಕೇಳಿ ಅರ್ಚಕರು ನಮ್ಮನ್ನ ಉತ್ತರದವರು ಅಂದುಕೊಂಡ್ರು. ಹಿಂದಿಯೊಳಗ, ಅಮ್ಮಾ ಬಗ್ಗಿ, ಹೆಬ್ಬೆರಳು ಕೆಳಗ ಬಿಡ್ರಿ, ಲಗೂ ಮಾಡ್ರಿ ಅಂದ್ರು. ಅವ್ವ ಮೊಣಕಾಲ ಮ್ಯಾಲೆ ಕುಂತು, ಬಲಗೈ ಹೆಬ್ಬೆರಳು ತೂತಿನ್ಯಾಗ ಇಳಿಸಿದ್ಲು. ಕಣ್ಣು ಮುಚ್ಚಿದ್ಲು. ಆ ಕಡೆ ಈ ಕಡೆ ಬೆರಳು ಆಡಿಸಿದ್ಲು. ಮಾರಿ ಮ್ಯಾಲೆ ಏನೂ ಇರಲಿಲ್ಲ.

ಹೋ ಗಯಾ ಅಮ್ಮಾ ಅಂತ ಅರ್ಚಕರು ಏಳಾಕ ಸನ್ನಿ ಮಾಡಿದ್ರು. ಹಿಂದಿನವರು ನನ್ನ ಬೆನ್ನಿಗೆ ಒತ್ತಿದ್ರು.

ಅವ್ವ ಕೈ ತಗದ್ಲು. ಏಳ್ತಾಳ ಅಂದುಕೊಂಡ್ನಿ. ಅಕಿ ಏಳಲಿಲ್ಲ. ಬಲಗೈ ತೊಡಿ ಮ್ಯಾಲೆ ಇಟ್ಟು ಅದನ್ನ ಒಮ್ಮೆ ನೋಡಿದ್ಲು. ಆಮ್ಯಾಲೆ ಸೀರಿ ಸೆರಗಿಗೆ ಎಡಗೈ ಎರಡು ಸರ್ತಿ ಒರಸಿಕೊಂಡು, ಎಡಗೈ ಹೆಬ್ಬೆರಳು ಇಳಿಸಿದ್ಲು.

ಅಮ್ಮಾ, ಸೀಧಾ ಹಾಥ್, ಸೀಧಾ ಹಾಥ್ ಅಂತ ಅರ್ಚಕರು ಗಾಬರಿ ಆಗಿ ತಮ್ಮ ಬಲಗೈ ಎತ್ತಿ ತೋರಿಸಿದ್ರು.

"ಗೊತ್ತೈತ್ರಿ" ಅಂದ್ಲು ಅವ್ವ. ಕಣ್ಣು ಮತ್ತ ಮುಚ್ಚಿದ್ವು. "ಬಲಗೈ ಸತ್ತೈತ್ರಿ. ಅದು ಏನೂ ಹೇಳವಲ್ದು. ಇದು ಹೇಳಾಕತ್ತೈತಿ, ಒಂದು ಸ್ವಲ್ಪ ತಡೀರಿ."

ಮೂರು ದಿನದಾಗ ಅಕಿ ಹೊರಗಿನವರ ಜೋಡಿ ಆಡಿದ ಮೊದಲನೇ ಕನ್ನಡ ಅದು. ಅರ್ಚಕರು ಅಕಿನ್ನ ನೋಡಿದ್ರು, ಬಲಗೈ ನೋಡಿದ್ರು, ಹಿಂದಿನ ಸಾಲಿಗೆ ಅಂಗೈ ತೋರಿಸಿ ನಿಲ್ಲಿಸಿದ್ರು. ದೇವರು ವರ ಕೊಟ್ಟರೂ ಪೂಜಾರಿ ಕೊಡಂಗಿಲ್ಲ ಅಂತಾರ. ಈ ಪೂಜಾರಿ ಕೊಟ್ಟ. ಅವ್ವನ ಕಣ್ಣಾಗಿನ ನೀರು ಇಳದು ಗದ್ದಕ್ಕ ಬಂತು, ಅದನ್ನ ಒರಸಿಕೊಳ್ಳಾಕ ಅಕಿ ಎಡಗೈ ತಗೀಲಿಲ್ಲ.

ಅಕಿ ಎದ್ದು ನಿಂತ ಮ್ಯಾಲೆ ನನ್ನ ಸರದಿ. ನಾನು ರೂಢಿ ಪ್ರಕಾರ ಬಲಗೈ ಮುಂದ ಮಾಡಿದ್ನಿ.

"ನೀನೂ ಎಡಗೈಲೆ ಮುಟ್ಟು" ಅಂದ್ಲು ಅವ್ವ. ಅರ್ಚಕರ ಮುಂದ, ಅಷ್ಟು ಮಂದಿ ಮುಂದ.

ಮುಟ್ಟಿದ್ನಿ. ತಣ್ಣಗ ನೀರು, ನೀರಿನ ಕೆಳಗ ಸಣ್ಣದೊಂದು ಒರಟ ಕಲ್ಲು. ಅದಕ್ಕಿಂತ ಹೆಚ್ಚು ಏನೂ ಹೇಳಾಕ ನನಗ ಬರಂಗಿಲ್ಲ. ಎಷ್ಟೋ ವರ್ಷದ ಮ್ಯಾಲೆ ಆ ಕೈ ದೇವರ ಕಡೆ ಹೋಗಿತ್ತು, ಏಟು ಬೀಳಲಿಲ್ಲ.

ಹೊರಗ ಬಂದು ತೀರ್ಥ ತಗೊಂಡ್ವಿ, ಉಂಡ್ವಿ. ನನ್ನ ಗಂಡ ಓಂ ಬೀಚು ನೋಡೂದು ಬಾಕಿ ಐತಿ ಅಂದ. ಹೋಗಿ ನೋಡಿದ್ವಿ. ಮ್ಯಾಲಿನಿಂದ ನೋಡಿದ್ರ ಓಂ ಕಾಣ್ತೈತಿ ಅಂತ ಅವ ತೋರಿಸಿದ, ಅವ್ವ ಕಾಣ್ತೈತಿ ಅಂದ್ಲು. ಅಕಿ ಕಡಲು ನೋಡಾಕತ್ತಿರಲಿಲ್ಲ, ತನ್ನ ಎಡಗೈ ನೋಡಾಕತ್ತಿದ್ಲು.

ಹೊಳ್ಳಿ ಬರಬೇಕಾದ್ರ ಕಾರಿನ ಹಿಂದಿನ ಸೀಟಿನ್ಯಾಗ ನಾವಿಬ್ಬರೂ ಕುಂತಿದ್ವಿ. ಘಟ್ಟ ಹತ್ತಾಕ ಶುರು ಆದಾಗ ಅವ್ವ ನನ್ನ ಎಡಗೈ ತಗೊಂಡ್ಲು. ತನ್ನ ಎಡಗೈ ಹೆಬ್ಬೆರಳು ತೋರಬೆರಳಿನ ನಡುವ ನನ್ನ ಅಂಗೈ ಹಿಡಿದು, ಮೂಲಿ ಹಿಡಿದು ಅರಿವಿ ನೋಡಿದಂಗ ತಿಕ್ಕಿ ನೋಡಿದ್ಲು. ಬೆರಳು ಒಂದೊಂದ ನೋಡಿದ್ಲು.

"ಮೆತ್ತಗೈತಿ ಇದು" ಅಂದ್ಲು. "ಕೆಲಸ ಮಾಡಿದ ಕೈ ಅಲ್ಲ."

"ಮಾಡಾಕ ಬಿಟ್ಟಿದ್ರ ಮಾಡ್ತಿತ್ತು" ಅಂದ್ನಿ.

"ಹೂಂ" ಅಂದ್ಲು. ಯಲ್ಲಾಪುರ ಬರೂತನ ಆ ಕೈ ಬಿಡಲಿಲ್ಲ.