ನಮ್ಮ ಹೆಸರಿನಲ್ಲಿ ಬಂದ ಬೂಷ್ಟು ಹಿಡಿದ ರೊಟ್ಟಿ

ಬಾಗಿಲು ತೆರೆದ ಕೂಡಲೇ ಆ ಹೆಂಗಸು ನನ್ನ ಕೈಗೆ ಒಂದು ಪೊಟ್ಟಣ ತುರುಕಿದರು.

“ಎಂಥ ಇದು? ನೀವೇ ನೋಡಿ. ಇದನ್ನು ಮನುಷ್ಯರು ತಿನ್ನುವುದಾ?”

ಒಳಗೆ ಕಡಕ್ ರೊಟ್ಟಿ ಇತ್ತು. ಅಂಚಿಗೆಲ್ಲ ಹಸಿರು ಬೂಷ್ಟು. ಪೊಟ್ಟಣದ ಮೇಲೆ ನಾವು ಮಾರುವ ಹೆಸರು, ನಮ್ಮದೇ ಮನೆಯ ವಿಳಾಸ. ಫೋನ್ ನಂಬರ್ ಮಾತ್ರ ನಮ್ಮದಲ್ಲ.

ಚೆಂಬೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನೂ ನನ್ನ ಅತ್ತೆಯೂ ಕೆಲವು ವರ್ಷಗಳಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದ್ದೆವು. ಮೊದಲು ಬಿಲ್ಡಿಂಗಿನವರು ಕೊಂಡರು, ಆಮೇಲೆ ಅವರ ನೆಂಟರು. ಮಗಳು ಫೋನಿನಲ್ಲಿ ಒಂದು ಪೇಜ್ ಮಾಡಿಕೊಟ್ಟ ಮೇಲೆ ಗುರುತಿಲ್ಲದವರೂ ಕೇಳತೊಡಗಿದರು. ಪೇಜಿಗೆ ಅತ್ತೆ ರೊಟ್ಟಿ ಬಡಿಯುವ ಫೋಟೊ ಹಾಕಿದ್ದೆವು. ಮುಖ ಬೇಡವೇ ಬೇಡ ಎಂದು ಅವರು ಹಟ ಹಿಡಿದದ್ದರಿಂದ ಕೈ ಮಾತ್ರ.

ಗದ್ದಲ ಕೇಳಿ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

“ಇದು ನಮ್ಮದಲ್ಲ ಯವ್ವಾ. ಇದು ಮಶೀನಿಂದು.”

“ಹಾಗಾದ್ರೆ ಈ ಕೈ ಯಾರದ್ದು?” ಎಂದು ಆಕೆ ತಮ್ಮ ಫೋನನ್ನು ಮುಂದೆ ಚಾಚಿದರು.

ಅತ್ತೆ ಬಗ್ಗಿ ನೋಡಿದರು. ತಮ್ಮ ಹಸಿರು ಬಳೆಗಳನ್ನು ನೋಡಿದರು.

“ಕೈ ನಂದ ಐತಿ,” ಎಂದರು ಮೆಲ್ಲಗೆ. “ರೊಟ್ಟಿ ನಂದಲ್ಲ.”

ಅದು ನಮ್ಮ ಪೇಜ್ ಅಲ್ಲ. ಯಾರೋ ನಮ್ಮ ಹೆಸರು, ವಿಳಾಸ, ಫೋಟೊ, ನಾನು ಬರೆದ ಸಾಲುಗಳನ್ನು ಕೂಡ ಎತ್ತಿಕೊಂಡು ಇನ್ನೊಂದು ಪೇಜ್ ತೆರೆದು ಆರ್ಡರ್ ತೆಗೆದುಕೊಳ್ಳುತ್ತಿದ್ದರು. ಕೆಳಗೆ ಜನ ಬರೆದಿದ್ದ ಬೈಗುಳವನ್ನು ಒಂದೊಂದಾಗಿ ಓದಿದೆ. ಬೈಸಿಕೊಂಡವರು ನಾವೇ. ಆ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ನನ್ನ ಮುಖ ನೋಡಿ ಆಕೆಯ ಸಿಟ್ಟು ಇಳಿಯಿತು. ಮಂಗಳೂರು ಕಡೆಯವರು, ಮಾಟುಂಗದಲ್ಲಿ ಗಂಡನ ಜೊತೆ ಚಿಕ್ಕ ಹೋಟೆಲು ನಡೆಸುವವರು. ನಾನು ಕೊಟ್ಟ ಚಹಾ ಕುಡಿಯುತ್ತ, “ನಿಮ್ಮದು ಸ್ವಂತ ಡೊಮೇನ್ ಇಲ್ವಾ?” ಎಂದು ಕೇಳಿದರು.

“ಪೇಜ್ ಐತಲ್ರೀ.”

“ಪೇಜ್ ಆ ಆ್ಯಪ್ ಕಂಪನಿಯವರದ್ದು ಮಾರಾಯ್ರೆ. ನಿಮ್ಮ ಹೆಸರಿನ ಪೇಜ್ ನಾಳೆ ನಾನೂ ಮಾಡಬಹುದು. ಡೊಮೇನ್ ಹಾಗಲ್ಲ. ಇಂಟರ್ನೆಟ್ಟಿನಲ್ಲಿ ಆ ವಿಳಾಸ ಒಬ್ಬರಿಗೇ ಕೊಡುವುದು. ನೀವು ತಗೊಂಡ್ರೆ ಬೇರೆಯವರಿಗೆ ಸಿಗುವುದಿಲ್ಲ.”

ಅಲ್ಲೇ ಕೂತು ಫೋನಿನಲ್ಲಿ ನಮ್ಮ ಹೆಸರನ್ನು ಹುಡುಕಿದರು. ಮರುಕ್ಷಣ ಅವರ ಹುಬ್ಬು ಗಂಟಿಕ್ಕಿತು. ಆ ಹೆಸರಿನ ಡಾಟ್ ಕಾಮ್ ವಿಳಾಸವನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು, ಅದೂ ಕಳೆದ ವಾರ.

ಅತ್ತೆ ಇಟ್ಟ ಹೆಸರು ಅದು, ಅವರ ತಾಯಿಯದು. ನಮ್ಮ ಬಾಗಿಲಿಗೆ ನಾವೇ ಬರುವ ಮೊದಲು ಇನ್ಯಾರೋ ಬೀಗ ಹಾಕಿಕೊಂಡು ಹೋದಂತಾಯಿತು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

“ಡಾಟ್ ಇನ್ ಉಂಟು,” ಎಂದರು ಆಕೆ. “ಈಗಲೇ ತಗೊಳ್ಳಿ. ನಿಮ್ಮ ಹೆಸರಲ್ಲಿ, ನಿಮ್ಮ ಮೇಲ್ ಹಾಕಿ. ವೆಬ್‌ಸೈಟ್ ಮಾಡುವವನ ಹೆಸರಲ್ಲಿ ಬೇಡ. ನಮಗೆ ಮಾಡಿಕೊಟ್ಟವನು ನಮ್ಮ ಹೋಟೆಲಿನ ಡೊಮೇನ್ ತನ್ನ ಹೆಸರಲ್ಲಿ ಮಾಡಿ ದುಬೈಗೆ ಹೋದ. ಹೊಸ ಹೆಸರು ಹುಡುಕಬೇಕಾಯ್ತು ನಮಗೆ. ಮತ್ತೆ, ವರ್ಷ ವರ್ಷ ದುಡ್ಡು ಕಟ್ಟಿ ರಿನ್ಯೂ ಮಾಡಲು ಮರೀಬೇಡಿ. ಮರೆತರೆ ಬೇರೆಯವರು ತಗೊಳ್ಳಬಹುದು.”

ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ಇಷ್ಟು ಸಣ್ಣ ಕೆಲಸವನ್ನು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ ಎಂಬುದೇ ನನಗೆ ಇನ್ನೊಂದು ಆಘಾತ.

ಸಂಜೆ ಕಾಲೇಜಿನಿಂದ ಬಂದ ಮಗಳು ಆ ಪೇಜ್ ನೋಡಿ, “ಮಮ್ಮಿ, ಯೇ ತೋ ಪೂರಾ ಕಾಪಿ ಹೈ!” ಎಂದು ಕೂತುಬಿಟ್ಟಳು. ಆಮೇಲೆ ಎದ್ದು ಒಂದು ಸರಳ ವೆಬ್‌ಸೈಟ್ ಮಾಡಿದಳು. ಅದೇ ಡೊಮೇನಿನ ಇಮೇಲೂ ಆಯಿತು. ಪೊಟ್ಟಣದ ಮೇಲೆ ಹೊಸ ವಿಳಾಸ ಅಚ್ಚು ಹಾಕಿಸಿದೆವು. ನಕಲಿ ಪೇಜಿನ ಬಗ್ಗೆ ಆ ಆ್ಯಪ್ ಕಂಪನಿಗೆ ದೂರು ಕೊಟ್ಟಾಗ, ನೀವೇ ಅಸಲಿ ಎಂಬುದಕ್ಕೆ ಏನು ಆಧಾರ ಎಂದು ಕೇಳಿದ್ದರು. ಹೊಸ ಇಮೇಲಿನಿಂದ, ವೆಬ್‌ಸೈಟ್ ತೋರಿಸಿ, ಮತ್ತೆ ಬರೆದೆವು. ಬಹಳ ಕಾಯಿಸಿದರು, ಕೊನೆಗೊಂದು ದಿನ ಪೇಜ್ ಮಾಯವಾಗಿತ್ತು. ಡಾಟ್ ಕಾಮ್ ಇವತ್ತಿಗೂ ಯಾರ ಕೈಯಲ್ಲಿದೆಯೋ ತಿಳಿಯದು. ಬೇಸರಗೊಂಡು ಹೋದ ಕೆಲವು ಗಿರಾಕಿಗಳು ತಿರುಗಿ ಬರಲೇ ಇಲ್ಲ.

ಇಂಗ್ಲಿಷ್ ಓದಲು ಬಾರದ ಅತ್ತೆಗೆ ಪೊಟ್ಟಣ ತೋರಿಸಿ, “ನಿಮ್ಮವ್ವನ ಹೆಸರು ಇಲ್ಲೈತ್ರಿ,” ಎಂದೆ.

ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಇನ್ನ ಯಾರೂ ಒಯ್ಯಂಗಿಲ್ಲ ಹೌದಿಲ್ಲೋ?”

“ವರ್ಷಾ ವರ್ಷಾ ರೊಕ್ಕ ಕಟ್ಟಿ ರಿನ್ಯೂ ಮಾಡಿದ್ರ ಯಾರೂ ಒಯ್ಯಂಗಿಲ್ರಿ.”

“ಹಂಗಂದ್ರ ನೆನಪಿಟ್ಟ ಮಾಡು,” ಎಂದು ಹೇಳಿ ಒಲೆಯ ಕಡೆ ನಡೆದರು.