ಎರಡು ಕಡೆ ಬಂದ ಆಯಿ

ಮೊನ್ನೆ ಗ್ರಹಣದ ದಿನ ಬೈರಿದೇವರಕೊಪ್ಪದ ನಮ್ಮ ಪಕ್ಕದ ಮನೆಯಾಕೆ ನೀರಿನ ಕೊಡಗಳಿಗೆಲ್ಲ ಗರಿಕೆ ಹಾಕುತ್ತಿದ್ದರು. ಹಸಿ ಗರಿಕೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಧಾರವಾಡದ ಹಳೆಯ ಮನೆಯ ಅಡುಗೆಮನೆ ಕಣ್ಣೆದುರು ಬಂದು ನಿಂತಿತು. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳಿವೆ. ಮನೆಯವರೂ ಒಬ್ಬೊಬ್ಬರಾಗಿ ಹೋದರು. ಉಳಿದವರು ನಾನು ಮತ್ತು ತಂಗಿ ಗಿರಿಜಾ. ಗಿರಿಜಾಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ.

ಅದಕ್ಕೆ ಅವ್ವನೇ ಕಾರಣ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಂದವರಿಗೆಲ್ಲ ಹೇಳುತ್ತಿದ್ದಳು. "ಬಸರಿದ್ದಾಗ ಗ್ರಹಣದಾಗ ಈಳಿಗಿ ಹಿಡದು ಸೌತಿಕಾಯಿ ಹೆಚ್ಚಿದ್ಲ್ರಿ. ಕೂಸಿನ ಕಿವಿ ಹೋದುವು." ಅವ್ವ ತಲೆ ತಗ್ಗಿಸಿ ಚಹಾ ಸೋಸುತ್ತಿದ್ದಳು. ಆಯಿ ಕೆಟ್ಟವಳೇನಲ್ಲ. ಗಿರಿಜಾಳ ತಲೆಗೆ ಎಣ್ಣೆ ಹಚ್ಚಿ, ಎದುರು ಕೂತು, ತುಟಿ ದೊಡ್ಡದಾಗಿ ಆಡಿಸಿ ಮಾತು ಕಲಿಸಿದವಳು ಅವಳೇ. ಅಂಥವಳಿಗೆ ಅವ್ವನ ಮೇಲೆ ಅಷ್ಟು ಸಿಟ್ಟೇಕೆ? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವ್ವ ಆಕೆಗೆ ಹೊರಗಿನವಳೇ? ಸ್ವಂತ ಮಗಳ ಮಗಳು! "ಕಳ್ಳುಬಳ್ಳಿ ಬಿಟ್ಟು ಹೊರಗಿನ ಹುಡುಗಿ ಯಾಕ ಬೇಕು?" ಎಂದು ಹಟ ಹಿಡಿದು, ಮೊಮ್ಮಗಳನ್ನು ಆಕೆಯ ಸೋದರಮಾವನಿಗೆ, ಅಂದರೆ ನಮ್ಮಪ್ಪನಿಗೆ, ತಂದುಕೊಂಡವಳು ಆಯಿಯೇ.

ಪಿಯುಸಿಯಲ್ಲಿ ಜೀವಶಾಸ್ತ್ರದ ಮೇಡಮ್ಮರು ಅವರವರ ಮನೆಯ ವಂಶವೃಕ್ಷ ಬರೆದು ತರಲು ಹೇಳಿದರು. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು. ಬರೆಯಲು ಕೂತರೆ, ಶಿವನೇ, ತಲೆ ಗಿರ್ರೆಂದಿತು. ಆಯಿ ನನಗೆ ಅಜ್ಜಿಯೋ ಮುತ್ತಜ್ಜಿಯೋ? ಅವ್ವನನ್ನು ಹೆತ್ತವಳು ಅಜ್ಜಿಯೋ, ಅಪ್ಪನ ಅಕ್ಕನಾದ್ದರಿಂದ ಅತ್ತೆಯೋ? ನಿಮ್ಮ ಮನೆಯಲ್ಲೂ ಇಂಥ ಗೋಜಲು ಇದ್ದೀತು. ಕಡೆಗೆ ಆಯಿಯನ್ನು ಎರಡು ಕಡೆ ಬರೆದೆ.

"ಒಂದ ಹೆಸರು ಎರಡು ಕಡೆ ಯಾಕ ಬಂತು?" ಅಂದರು ಮೇಡಮ್ಮರು.

"ಒಬ್ಬಾಕೀನ ರೀ. ಎರಡೂ ಕಡೆಯಿಂದ ಬರ್ತಾಳ್ರಿ."

ತರಗತಿ ಗೊಳ್ಳೆಂದು ನಕ್ಕಿತು. ಮೇಡಮ್ಮರು ನಗಲಿಲ್ಲ. ಆಯಿಯ ಒಂದು ಸುತ್ತನ್ನು ಹೊಡೆದುಹಾಕಿ, ಅಪ್ಪ ಅವ್ವನ ನಡುವೆ ರಕ್ತಸಂಬಂಧದ ಲಗ್ನದ ಗುರುತಾದ ಜೋಡಿ ಗೆರೆ ಎಳೆದು, ಬಿಡಿಸಿ ಹೇಳಿದರು. ಜೀನುಗಳು ಜೋಡಿಯಾಗಿ ಇರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಎಷ್ಟೋ ಸಲ ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ರಕ್ತಸಂಬಂಧದಲ್ಲಿ ಲಗ್ನವಾದರೆ ಅದೇ ಕೆಟ್ಟ ಜೀನು ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಎರಡೂ ಒಂದೇ ಕೂಸಿಗೆ ಬಂದರೆ ದೋಷ ಕಾಣಿಸಿಕೊಳ್ಳುತ್ತದೆ. ಹುಟ್ಟುಕಿವುಡು ಹಲವು ಸಲ ಹೀಗೇ ಬರುತ್ತದಂತೆ.

ಓಡಿ ಮನೆಗೆ ಬಂದೆ. ಅವ್ವನ ಮೇಲಿನ ಅಪವಾದ ಇವತ್ತಿಗೆ ತೀರಿತು ಎಂಬ ಖುಷಿ ನನಗೆ.

"ಅವ್ವಾ, ನಿಂದೇನೂ ತಪ್ಪಿಲ್ಲ! ಗ್ರಹಣಕ್ಕೂ ಕಿವಿಗೂ ಸಂಬಂಧನ ಇಲ್ಲ. ಮನ್ಯಾಗಿನ ಮನ್ಯಾಗ ಲಗ್ನ ಮಾಡಿದ್ದಕ್ಕ ಬಂದಿರಬೇಕು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಪಡಸಾಲೆಯಲ್ಲಿ ಆಯಿ ಗಿರಿಜಾಳಿಗೆ ಹೆರಳು ಹಾಕುತ್ತಿದ್ದಳು. ಅತ್ತ ಒಮ್ಮೆ ನೋಡಿ, ಅವ್ವ ಸಣ್ಣ ದನಿಯಲ್ಲಿ ಅಂದಳು:

"ಸುಮ್ಮನಿರು. ಆಯಿ ಮುಂದ ಇದನ್ನ ಆಡಬ್ಯಾಡ. ಹಟ ಹಿಡದು ಲಗ್ನಾ ಮಾಡಿಸಿದಾಕಿ ಆಕಿ. ನಾ ಇಷ್ಟು ವರ್ಷ ತಡಕೊಂಡೇನಿ. ಆಕಿ ಒಂದು ದಿನಾನೂ ತಡಕೊಳ್ಳೂದಿಲ್ಲ."

ನಾನು ಆಡಲಿಲ್ಲ. ಆಯಿ ಕಣ್ಣು ಮುಚ್ಚುವವರೆಗೂ ಅವ್ವನನ್ನೇ ಬೈದಳು. ಅವ್ವ ಅವಳ ಸೇವೆ ಮಾಡಿದಳು. ಅದು ಸರಿಯೋ ತಪ್ಪೋ, ಹೇಳಲಾರೆ. ಅವ್ವ ಹೋದ ಮೇಲೆ ನನ್ನೊಳಗೆ ಬಹಳ ಸಲ ಹುಡುಕಿದ್ದೇನೆ. ಆ ಸೈರಣೆ ಅವಳಿಗೆ ಯಾವ ಕಡೆಯಿಂದ ಬಂದಿತ್ತೋ, ನನಗಂತೂ ಎಳ್ಳಷ್ಟೂ ಬಂದಿಲ್ಲ.